ಸೀನಿನ ಮರ್ಯಾದೆ

ಮನೆಯಿಂದ ಹೊರಡುವ ಹೊತ್ತಿಗೆ ಯಾರಾದರೂ ಒಂಟಿಸೀನು ಸೀನಿದರೆ, ಮೆಟ್ಟಿದ ಚಪ್ಪಲಿಯನ್ನು ಕಳಚಿ, ಒಂದು ಲೋಟ ನೀರು ಕುಡಿದು, ತುಸು ಹೊತ್ತು ಕುಳಿತೇ ಹೊರಡತಕ್ಕದ್ದೆಂಬ ನಿಯಮವನ್ನು ನಮ್ಮ ಹಿರಿಯರು ತಪ್ಪದೆ ಪಾಲಿಸುತ್ತಿದ್ದರು. ಮಗು ಸೀನಿದರೆ ‘ಚಿರಂಜೀವಿ’, ‘ಶತಾಯುಸ್ಸು’ ಎಂದು ಹರಸುತ್ತಿದ್ದರು. ಸೀನಿದವನ ಆಯುಸ್ಸನ್ನೂ ಹೊರಟವನ ಕಾರ್ಯಸಿದ್ಧಿಯನ್ನೂ ಕುರಿತು ಇಷ್ಟು ಚಿಂತಿಸಿದ ನಾವು, ಎದುರಿಗೆ ಕುಳಿತವನ ಗತಿಯೇನಾಯಿತೆಂದು ವಿಚಾರಿಸಿದ್ದು ಕಡಮೆ.

ಹಾಗೆಂದು ಆ ವಿವೇಕ ನಮ್ಮ ಪೂರ್ವಿಕರಿಗೆ ಹೊಳೆದೇ ಇರಲಿಲ್ಲವೆನ್ನುವಂತಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ಸೀನನ್ನು ತಡೆಹಿಡಿಯಬಾರದ ವೇಗಗಳ ಸಾಲಿನಲ್ಲಿ ಸೇರಿಸಿದರೆ, ಅದರ ಬೆನ್ನಿಗೇ ಬರುವ ಎಂಟನೆಯ ಅಧ್ಯಾಯವು, ಸದ್ವೃತ್ತವನ್ನು ನಿರೂಪಿಸುವಲ್ಲಿ, ಬಾಯಿ ಮುಚ್ಚಿಕೊಳ್ಳದೆ ಆಕಳಿಸಲೂ ಸೀನಲೂ ನಗಲೂ ಕೂಡದೆಂದು ವಿಧಿಸುತ್ತದೆ. ನಗೆಯ ಮಟ್ಟಿಗೆ ಈ ವಿಧಿ ಕೊಂಚ ಕಠಿನವೇ ಸರಿ. ಸೀನಿನ ಮಟ್ಟಿಗೆ ಇಂದಿನ ವೈದ್ಯರೂ ಅದನ್ನು ಅಲ್ಲಗಳೆಯಲಾರರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಕಾರ್ಲ್ ಫ್ಲ್ಯೂಗೆ ಎಂಬ ವಿಜ್ಞಾನಿಯು, ಕೆಮ್ಮು ಸೀನುಗಳು ಹಾಗಿರಲಿ, ಬರಿಯ ಮಾತಿನೊಡನೆಯೂ ರೋಗಾಣುಗಳನ್ನು ಹೊತ್ತ ಸೂಕ್ಷ್ಮ ತುಂತುರು ಹೊರಬೀಳುವುದನ್ನು ಪ್ರಯೋಗದಿಂದ ತೋರಿಸಿದನು. ಅವುಗಳಲ್ಲಿ ದಪ್ಪ ಹನಿಗಳು ಹತ್ತಿರದಲ್ಲಿಯೇ ನೆಲಕ್ಕಿಳಿಯುತ್ತವೆ. ಅತಿ ಸಣ್ಣವು ಗಾಳಿಯಾಡದ ಕೋಣೆಯಲ್ಲಿ ಬಹುಕಾಲ ತೇಲುತ್ತಿರುತ್ತವೆ. ಹಳೆಯ ಮನೆಯ ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಒಮ್ಮೆ ಅಜ್ಜನವರ ಸೀನನ್ನು ಕಂಡವರಿಗೆ ಪ್ರಯೋಗಶಾಲೆಯ ಸಾಕ್ಷ್ಯ ಬೇಕಿಲ್ಲ.

ಬಾಯಿ ಮುಚ್ಚುವುದೇನೋ ಸರಿ, ಯಾವುದರಿಂದ? ಅಭ್ಯಾಸಬಲದಿಂದ ಅಂಗೈ ಮೇಲೇಳುತ್ತದೆ. ಆ ಅಂಗೈಯೇ ಮರುಗಳಿಗೆಯಲ್ಲಿ ಬಸ್ಸಿನ ಕಂಬಿಯನ್ನು ಹಿಡಿಯುತ್ತದೆ, ಚಿಲ್ಲರೆ ಎಣಿಸುತ್ತದೆ, ಪ್ರಸಾದ ಹಂಚುತ್ತದೆ. ಸೆರಗಿನಲ್ಲಿ ಸೀನಿ, ಅದರಲ್ಲಿಯೇ ಮಗುವಿನ ಮುಖವನ್ನು ವಾತ್ಸಲ್ಯದಿಂದ ಒರೆಸುವ ತಾಯಂದಿರೂ ಉಂಟು. ಆದಕಾರಣ ಕರವಸ್ತ್ರವಿದ್ದರೆ ಕರವಸ್ತ್ರ, ಇಲ್ಲದಿದ್ದರೆ ಮೊಣಕೈಯ ಒಳಮಡಿಕೆ ಎನ್ನುತ್ತಾರೆ ವೈದ್ಯರು. ಮೊಣಕೈಯಿಂದ ಯಾರೂ ಬಾಗಿಲು ತೆರೆಯುವುದಿಲ್ಲ, ಊಟ ಬಡಿಸುವುದೂ ಇಲ್ಲ. ಕೈಗೆ ಸಿಡಿದಿದ್ದರೆ ಸಾಬೂನು ಹಚ್ಚಿ 20 ಸೆಕೆಂಡುಗಳಾದರೂ ಉಜ್ಜಿ ತೊಳೆಯಬೇಕು.

ಇದನ್ನು ಮಕ್ಕಳಿಗೆ ಕಲಿಸುವ ಬಗೆಯನ್ನು ನಾನು ಅರಿತದ್ದು ನೆರೆಮನೆಯ ಉಪಾಧ್ಯಾಯಿನಿಯೊಬ್ಬರಿಂದ. ಅವರು ಹುಡುಗನೊಬ್ಬನ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, “ಇದೇ ನಿನ್ನ ಸೀನು, ಹೋಗಿ ಆಡಿಕೋ” ಎಂದು ಬಿಟ್ಟರಂತೆ. ಅರ್ಧ ಗಂಟೆಯೊಳಗೆ ಆ ಬಿಳುಪು ಬಾಗಿಲ ಚಿಲಕದ ಮೇಲೆ, ನೀರಿನ ಲೋಟದ ಮೇಲೆ, ಗೆಳೆಯನ ಅಂಗಿಯ ಬೆನ್ನಿನ ಮೇಲೆ ಪ್ರತ್ಯಕ್ಷವಾಗಿ, ಕೊನೆಗೆ ಉಪಾಧ್ಯಾಯಿನಿಯವರ ಹಾಜರಿ ಪುಸ್ತಕವನ್ನೂ ಮುಟ್ಟಿತ್ತು. ಉಪದೇಶದ ಅಗತ್ಯವೇ ಬೀಳಲಿಲ್ಲ. ಆದರೆ ಅದೇ ಹುಡುಗ ಸಂಜೆ ಮನೆಗೆ ಹೋಗಿ, ಜಗಲಿಯಲ್ಲಿ ಬಾಯ್ದೆರೆದು ಕೆಮ್ಮುವ ಹಿರಿಯರನ್ನು ಕಂಡನಾದರೆ ಬೆಳಗಿನ ಪಾಠ ಎಷ್ಟು ದಿನ ಉಳಿದೀತು?

ಆ ಹಿರಿಯರಿಗೆ ಹೇಳಬೇಕಾದ ಮಾತು ಇನ್ನೊಂದಿದೆ: ಎರಡು ವಾರ ಮೀರಿದ ಕೆಮ್ಮಿಗೆ ಮೊಣಕೈ ಸಾಲದು, ಅದು ಕ್ಷಯವೇ ಎಂದು ಪರೀಕ್ಷಿಸಿಕೊಳ್ಳಬೇಕು; ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಕಫಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.