ತುಕ್ಕು ತಿಂದ ಚಾಸಿಗೆ ವೆಲ್ಡಿಂಗ್ ಸಾಕೇ?

ಪ್ರಶ್ನೆ: ಹಳೆಯ ಪಿಕಪ್‌ನ ಚಾಸಿ ತುಕ್ಕು ಹಿಡಿದು ತೂತಾಗಿದೆ. ವೆಲ್ಡಿಂಗ್ ಮಾಡಿಸಿದರೆ ಸಾಕೇ, ಚಾಸಿಯನ್ನೇ ಬದಲಿಸಬೇಕೇ?

ಉತ್ತರ: ತೂತು ಎಲ್ಲಿದೆ ಎಂಬುದೇ ಮುಖ್ಯ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ; ಒಳಗೇ ತಿಂದುಹೋದ ಕಡೆ ಸದ್ದು ಮಂಕಾಗಿ, ತುಕ್ಕು ಹಕ್ಕಳೆಯಾಗಿ ಉದುರುತ್ತದೆ. ಸುತ್ತಲಿನ ಲೋಹ ಗಟ್ಟಿಯಿದ್ದರೆ ಹಾಳಾದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಉಕ್ಕನ್ನು ಬೆಸೆಯಬಹುದು. ತುಕ್ಕಿನ ಮೇಲೆಯೇ ತಗಡು ಹಚ್ಚುವುದಂತೂ ಬೇಡವೇ ಬೇಡ. ಲೀಫ್ ಸ್ಪ್ರಿಂಗ್ ಕೂರುವ ಜಾಗವೇ ಟೊಳ್ಳಾಗಿದ್ದರೆ ಬದಲಿಸುವುದೇ ಸರಿ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದಲ್ಲಿ ಟೊಯೊಟಾ ಟಕೋಮಾ ಪಿಕಪ್‌ಗಳ ಚಾಸಿ ಹೀಗೆಯೇ ತೂತಾಗಿ, 2016ರ ರಾಜಿ ಒಪ್ಪಂದದಂತೆ ತೀರಾ ಹಾಳಾದವನ್ನು ಕಂಪನಿಯೇ ಬದಲಿಸಿಕೊಡಬೇಕಾಯಿತು. ನಮ್ಮಲ್ಲಿ ಚಾಸಿ ನಂಬರ್ ಅದರ ಮೇಲೆಯೇ ಇರುವುದರಿಂದ, ಬದಲಿಸುವ ಮುನ್ನ ಆರ್‌ಟಿಒ ಅನುಮತಿ ಪಡೆಯಿರಿ.