ಪ್ರವಾಸಕ್ಕೆ ಹೊರಟವರ ಹೇಳಿಕೊಳ್ಳದ ಚಿಂತೆ

ಡಿಸೆಂಬರ್ ಹತ್ತಿರವಾದಂತೆ ನಂಜನಗೂಡು, ತಿ. ನರಸೀಪುರ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬೇಲೂರು-ಹಳೇಬೀಡೋ, ಜೋಗವೋ, ಹಂಪಿಯೋ ಎಂದು ತರಗತಿಯಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಆದರೆ ಹೆಸರು ಕೊಡುವ ದಿನ ಒಬ್ಬಿಬ್ಬರು ಮೆಲ್ಲಗೆ ಹಿಂದೆ ಸರಿಯುತ್ತಾರೆ. 'ಮನೇಲಿ ಕೆಲಸ ಇದೆ ಸಾರ್', 'ನಮ್ಮಪ್ಪ ಬೇಡ ಅಂದ್ರು ಸಾರ್' ಎಂಬ ಉತ್ತರ ಬರುತ್ತದೆ. ಕೆಲವರಿಗೆ ನಿಜಕ್ಕೂ ಹಣದ ಅಡಚಣೆ ಇರುತ್ತದೆ. ಇನ್ನು ಕೆಲವರ ಅಡಚಣೆ ಬೇರೆ. ರಾತ್ರಿ ಗೆಳೆಯರ ನಡುವೆ ಮಲಗಿದಾಗ ಹಾಸಿಗೆ ಒದ್ದೆಯಾದರೆ ಏನು ಗತಿ? ಬಸ್ಸಿನಲ್ಲಿ ತಡೆಯಲಾಗದಿದ್ದರೆ ಯಾರಿಗೆ ಹೇಳುವುದು?

ಇದು ಮಕ್ಕಳ ಚಿಂತೆ ಮಾತ್ರವಲ್ಲ. ಅದೇ ಮನೆಯ ಅಜ್ಜಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಎಷ್ಟೋ ವರ್ಷವಾಗಿರುತ್ತದೆ. ಕೇಳಿದರೆ 'ಮಂಡಿ ನೋವು' ಎನ್ನುತ್ತಾರೆ. ಕೆಮ್ಮಿದರೆ, ನಕ್ಕರೆ, ಬಸ್ಸು ಹಳ್ಳಕ್ಕೆ ಬಿದ್ದು ಎಗರಿದರೆ ಬಟ್ಟೆ ಒದ್ದೆಯಾಗುತ್ತದೆ ಎಂಬುದನ್ನು ಮಗನ ಹತ್ತಿರ ಹೇಳುವುದು ಹೇಗೆ? ಮೂತ್ರ ಹಿಡಿತ ತಪ್ಪುವುದು ಸಾಮಾನ್ಯವಾದ ತೊಂದರೆ. ಅದನ್ನು ಸಂಭಾಳಿಸಿಕೊಂಡು ಪ್ರಯಾಣ ಮಾಡುವುದು ಸಾಧ್ಯ. ಅದಕ್ಕೆ ಮೊದಲು ನಮ್ಮ ದೇಹದ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯಬೇಕು.

ಒಂದು ಸಣ್ಣ ಲೆಕ್ಕ

ದೊಡ್ಡವರ ದೇಹದಲ್ಲಿ ದಿನವೊಂದಕ್ಕೆ ಸುಮಾರು ಒಂದರಿಂದ ಎರಡು ಲೀಟರ್ ಮೂತ್ರ ತಯಾರಾಗುತ್ತದೆ. ಒಂದೂವರೆ ಲೀಟರ್ ಎಂದಿಟ್ಟುಕೊಂಡರೆ ಗಂಟೆಗೆ 60 ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು. ಮೂತ್ರಕೋಶದಲ್ಲಿ ಸುಮಾರು 150ರಿಂದ 200 ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ಸಿಗುತ್ತದೆ. 400ರಿಂದ 500 ಆದಾಗ ತಡೆಯುವುದು ಕಷ್ಟ. ಹತ್ತು ವರ್ಷದ ಮಗುವಿನ ಮೂತ್ರಕೋಶ ಹಿಡಿಸುವುದು ಸುಮಾರು 300 ಮಿಲಿಲೀಟರ್. ಎರಡು-ಮೂರು ಗಂಟೆಗೊಮ್ಮೆ ಬಸ್ಸು ನಿಲ್ಲಿಸಬೇಕು ಎನ್ನುವುದಕ್ಕೆ ಈ ಲೆಕ್ಕವೇ ಆಧಾರ.

ಮೂತ್ರಕೋಶದ ಬಾಯಿಗೆ ಎರಡು ಬಿಗಿಸ್ನಾಯುಗಳ ಕಾವಲಿದೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ತಾನಾಗಿಯೇ ಕೆಲಸ ಮಾಡುತ್ತದೆ. ಹೊರಗಿನದು ನಮ್ಮ ಹಿಡಿತದಲ್ಲಿದೆ. ಹೆರಿಗೆಗಳಿಂದ, ವಯಸ್ಸಿನಿಂದ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲವಾದಾಗ ಕೆಮ್ಮಿದರೂ ಸೋರುತ್ತದೆ. ಮೂತ್ರಕೋಶವೇ ಅವಸರ ಮಾಡಿ ಮುದುಡಿಕೊಂಡರೆ ಬಚ್ಚಲು ಮುಟ್ಟುವ ಮೊದಲೇ ಆಗಿಬಿಡುತ್ತದೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ, ಮೂತ್ರ ಪೂರ್ತಿ ಹೋಗದೆ ಉಳಿದು ತೊಟ್ಟಿಕ್ಕುವುದೂ ಉಂಟು.

ಹಾಸಿಗೆ ಒದ್ದೆ ಮಾಡುವುದು ಸೋಮಾರಿತನವಲ್ಲ

ರಾತ್ರಿಯ ಹೊತ್ತು ಮಿದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸಿ, ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೊ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಕೆಲವು ಮಕ್ಕಳಲ್ಲಿ ರಾತ್ರಿ ಈ ಹಾರ್ಮೋನು ಸಾಲದು. ಕೆಲವರ ಮೂತ್ರಕೋಶ ಇನ್ನೂ ಸಣ್ಣದು. ಬಹುತೇಕ ಮಕ್ಕಳಿಗೆ, ಮೂತ್ರಕೋಶ ತುಂಬಿದ ಸೂಚನೆ ನಿದ್ದೆಯಿಂದ ಎಬ್ಬಿಸುವಷ್ಟು ಬಲವಾಗಿ ಮುಟ್ಟುವುದಿಲ್ಲ. ಇದರಲ್ಲಿ ಮಗುವಿನ ತಪ್ಪೇನು?

ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಂದಿಗೆ ಇದಿರುತ್ತದೆ. ವರ್ಷ ವರ್ಷವೂ ಕಡಿಮೆಯಾಗುತ್ತ, ಹದಿನೈದರ ವಯಸ್ಸಿಗೆ ನೂರಕ್ಕೆ ಒಬ್ಬಿಬ್ಬರಲ್ಲಿ ಉಳಿಯುತ್ತದೆ. ಅಂದರೆ ಒಂದು ಪ್ರೌಢಶಾಲೆಯಲ್ಲಿ ಇಂಥವರು ಕೆಲವರಾದರೂ ಇರುತ್ತಾರೆ. ಒಬ್ಬೊಬ್ಬರೂ ಊರಿಗೆಲ್ಲ ತಾನೊಬ್ಬನೇ ಹೀಗೆ ಎಂದುಕೊಂಡಿರುತ್ತಾರೆ. ತಂದೆಗೋ ತಾಯಿಗೋ ಬಾಲ್ಯದಲ್ಲಿ ಇದ್ದಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಬೈಯುವ ಮೊದಲು ತಂದೆ-ತಾಯಿ ತಮ್ಮ ಅಮ್ಮನನ್ನು ಕೇಳಿ ನೋಡುವುದು ಒಳ್ಳೆಯದು!

ನೀರು ಬಿಟ್ಟರೆ ಪರಿಹಾರವೇ?

ಪ್ರವಾಸದ ದಿನ ನಮ್ಮ ಹೆಣ್ಣುಮಕ್ಕಳು ಕಂಡುಕೊಂಡಿರುವ ಉಪಾಯ ಒಂದೇ, ನೀರು ಕುಡಿಯದಿರುವುದು. ಇದು ಎರಡು ಬಗೆಯಲ್ಲಿ ತಿರುಗಿ ಬೀಳುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸಬಹುದು. ಆಗ ಅವಸರ ಇನ್ನೂ ಹೆಚ್ಚುತ್ತದೆ. ಜೊತೆಗೆ ಮಲಬದ್ಧತೆಯಾಗುತ್ತದೆ. ಗಟ್ಟಿ ಮಲ ಪಕ್ಕದ ಮೂತ್ರಕೋಶವನ್ನು ಒತ್ತುವುದರಿಂದ ಹಾಸಿಗೆ ಒದ್ದೆಯಾಗುವ ಸಂಭವವೂ ಏರುತ್ತದೆ. ಇದರ ಮೇಲೆ ಗಂಟೆಗಟ್ಟಲೆ ತಡೆದುಕೊಂಡರೆ ಸೋಂಕಿಗೆ ದಾರಿ. ಹೆಂಗಸರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ ಉದ್ದವಿರುವುದರಿಂದ ಅವರಿಗೆ ಈ ಅಪಾಯ ಹೆಚ್ಚು.

ಮಕ್ಕಳು ನೀರು ಕುಡಿಯಲೆಂದೇ 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ನೀರಿನ ಗಂಟೆಯ ಪದ್ಧತಿ ನಮ್ಮ ರಾಜ್ಯಕ್ಕೂ ಬಂತು. ಶಾಲೆಯಲ್ಲಿ ಬಾರಿಸುವ ಗಂಟೆ ಬಸ್ಸಿನಲ್ಲೂ ಬೇಡವೇ? ಬೆಳಿಗ್ಗೆ, ಮಧ್ಯಾಹ್ನ ಧಾರಾಳವಾಗಿ ಕುಡಿಯಬೇಕು. ಸಂಜೆಯ ಮೇಲೆ ಬಾಯಾರಿಕೆಗೆ ತಕ್ಕಷ್ಟು ಸಾಕು. ಕಾಫಿ, ಟೀ, ಕೋಲಾಗಳನ್ನು ಸಂಜೆ ಬಿಡುವುದೇ ಲೇಸು.

ದಾರಿಯಲ್ಲಿ

ಒಂದು ಹಳೆಯ ಕಥೆ ನೆನಪಾಗುತ್ತದೆ. ನಮ್ಮ ರೈಲುಗಳ ಕೆಳದರ್ಜೆಯ ಡಬ್ಬಿಗಳಲ್ಲಿ ಹಿಂದೆ ಶೌಚಾಲಯ ಇರಲಿಲ್ಲ. 1909ರಲ್ಲಿ ಬಂಗಾಳದ ಕಡೆಯ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕ ಹೊಟ್ಟೆ ಕೆಟ್ಟು ಒಂದು ನಿಲ್ದಾಣದಲ್ಲಿ ಇಳಿದಿದ್ದಾಗ ರೈಲು ಬಿಟ್ಟೇಬಿಟ್ಟಿತು. ಆತ ಮುರುಕು ಇಂಗ್ಲಿಷಿನಲ್ಲಿ ಅಧಿಕಾರಿಗಳಿಗೆ ದೂರು ಬರೆದ. ರೈಲಿನಲ್ಲಿ ಎಲ್ಲರಿಗೂ ಶೌಚಾಲಯ ಬರಲು ಆ ಪತ್ರವೇ ಕಾರಣವಾಯಿತೆಂದು ಹೇಳುತ್ತಾರೆ. ನಾಚಿಕೆ ಬಿಟ್ಟು ಬಾಯಿಬಿಟ್ಟವನಿಂದ ಎಲ್ಲರಿಗೂ ಉಪಕಾರವಾಯಿತು.

ರೈಲು, ಹಡಗುಗಳಲ್ಲಿ ಆ ಅನುಕೂಲವಿದೆ. ಮಂಗಳೂರಿನ ಬಂದರಿಗೆ ಬರುವ ಪ್ರವಾಸಿ ಹಡಗುಗಳಲ್ಲಿ ಕೋಣೆಗೊಂದು ಶೌಚಾಲಯವಿರುತ್ತದೆ. ಅಲ್ಲಿಯ ಪ್ರಯಾಣಿಕರಿಗೆ ಕಷ್ಟ ಶುರುವಾಗುವುದು ದಡಕ್ಕಿಳಿದು ಊರು ನೋಡಲು ಬಸ್ಸು ಹತ್ತಿದ ಮೇಲೆಯೇ. ನಮ್ಮ ಶಾಲಾ ಮಕ್ಕಳಿಗಾದರೋ ಬಸ್ಸೇ ಗತಿ. ನಂಜನಗೂಡಿನಿಂದ ಹಂಪಿಗೆ ನಾನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ. ಎಲ್ಲಿ ಉಪಾಹಾರ, ಎಲ್ಲಿ ಊಟ ಎಂದು ಬರೆದುಕೊಳ್ಳುವಾಗಲೇ ಎಲ್ಲೆಲ್ಲಿ ಶುಚಿಯಾದ ಶೌಚಾಲಯವಿದೆ ಎಂಬುದನ್ನೂ ಬರೆದುಕೊಳ್ಳಬೇಕು. 'ಯಾರಿಗಾದರೂ ಬೇಕಾ?' ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. 'ಎಲ್ಲರೂ ಇಳಿಯಿರಿ' ಎನ್ನಬೇಕು.

ಚೀಲದಲ್ಲಿ ಏನಿರಬೇಕು?

* ಬದಲಿ ಒಳಉಡುಪು, ಒಂದು ಜೊತೆ ಗಾಢ ಬಣ್ಣದ ಬಟ್ಟೆ, ಟವೆಲ್, ಸಣ್ಣ ಸೋಪು. ಇವು ಬಸ್ಸಿನ ಮೇಲೆ ಕಟ್ಟುವ ಗಂಟಿನಲ್ಲಲ್ಲ, ಕೈಚೀಲದಲ್ಲಿರಲಿ.

* ಬಾಯಿ ಬಿಗಿಯಾಗಿ ಮುಚ್ಚುವ ಎರಡು ಪ್ಲಾಸ್ಟಿಕ್ ಚೀಲ. ಹೊಸ ಮೂತ್ರಕ್ಕೆ ವಾಸನೆ ಕಡಿಮೆ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆದಾಗ ಮೂಗಿಗೆ ಬಡಿಯುತ್ತದೆ. ಒದ್ದೆ ಬಟ್ಟೆಯನ್ನು ಬೇಗ ನೀರಿನಲ್ಲಿ ಹಿಂಡಿ, ಚೀಲದಲ್ಲಿ ಕಟ್ಟಿದರೆ ಯಾರಿಗೂ ಗೊತ್ತಾಗದು.

* ಹಾಸಿಗೆಯ ಮೇಲೆ ಹಾಸಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ದಪ್ಪ ಬಟ್ಟೆ.

* ಹಿರಿಯರಿಗೆ ಪ್ಯಾಡ್ ಅಥವಾ ಡಯಾಪರ್. ಈಗ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಮಕ್ಕಳಿಗೂ ಚಡ್ಡಿಯಂತೆ ತೊಡುವ ಬಗೆಯವು ಇವೆ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ರೈಲು, ಹಡಗಿನ ಶೌಚಾಲಯಕ್ಕೆ ಹಾಕಿದರೆ ಕಟ್ಟಿಕೊಳ್ಳುತ್ತದೆ.

ಹೊರಡುವ ಮೊದಲು

ಎರಡು-ಮೂರು ತಿಂಗಳ ಸಮಯವಿದ್ದರೆ ಹಿರಿಯರು ಒಂದು ವ್ಯಾಯಾಮ ಮಾಡಬಹುದು. 1948ರಲ್ಲಿ ಇದನ್ನು ಪ್ರಚುರಪಡಿಸಿದ ವೈದ್ಯ ಆರ್ನಾಲ್ಡ್ ಕೆಗೆಲ್ ಅವರ ಹೆಸರೇ ಅದಕ್ಕಿದೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಿಸಬೇಕು. ಒಮ್ಮೆಗೆ ಹತ್ತರಂತೆ ದಿನಕ್ಕೆ ಮೂರು ಸಲ. ಖರ್ಚಿಲ್ಲ, ಕೂತಲ್ಲೇ ಮಾಡಬಹುದು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಬೇಕು. ತಾವಾಗಿ ಬಿಡಬಾರದು.

ಮಕ್ಕಳಿಗೆ ಡೆಸ್ಮೊಪ್ರೆಸಿನ್ ಎಂಬ ಔಷಧಿಯಿದೆ. ಇದು ವ್ಯಾಸೊಪ್ರೆಸಿನ್ನನ್ನೇ ಹೋಲುವ ವಸ್ತು. ಪ್ರವಾಸದ ಕೆಲವು ರಾತ್ರಿಗಳ ಮಟ್ಟಿಗೆ ವೈದ್ಯರು ಕೊಡುವುದುಂಟು. ಆದರೆ ಮನೆಯಲ್ಲಿ ಕೆಲವು ವಾರ ಮೊದಲೇ ನೋಡಿರಬೇಕು. ನುಂಗುವ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ಆನಂತರದವರೆಗೆ ನೀರು ತೀರ ಮಿತವಾಗಿರಬೇಕು. ಇಲ್ಲವಾದರೆ ರಕ್ತದಲ್ಲಿ ಸೋಡಿಯಂ ಕುಸಿದು ಅಪಾಯವಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಉರಿ, ಜ್ವರ, ಮೂತ್ರದಲ್ಲಿ ರಕ್ತ ಕಂಡರೆ, ಹಗಲಿನಲ್ಲೂ ಸೋರಿದರೆ, ನಿಂತಿದ್ದ ತೊಂದರೆ ತಿಂಗಳುಗಳ ನಂತರ ಮತ್ತೆ ಮರುಕಳಿಸಿದರೆ ವೈದ್ಯರಿಗೆ ತೋರಿಸಲೇಬೇಕು. ಮಗು ಸಿಕ್ಕಾಪಟ್ಟೆ ನೀರು ಕುಡಿಯುತ್ತ, ಸೊರಗುತ್ತಿದ್ದರೆ ಅದು ಸಕ್ಕರೆ ಕಾಯಿಲೆಯ ಲಕ್ಷಣವಿರಬಹುದು. ಒಂದು ದಿನವೂ ತಡಮಾಡಬಾರದು.

ಇನ್ನು ಶಿಕ್ಷಕರ ಪಾಲಿನ ಕೆಲಸ. ಅಂಥ ಮಗುವಿಗೆ ಬಾಗಿಲ ಪಕ್ಕದ ಹಾಸಿಗೆ ಕೊಟ್ಟು, ತಾವು ಮಲಗುವ ಹೊತ್ತಿಗೆ ಒಮ್ಮೆ ಎಬ್ಬಿಸಿ, ಬೆಳಿಗ್ಗೆ ಉಳಿದವರಿಗಿಂತ ಅರ್ಧ ಗಂಟೆ ಮೊದಲು ಸ್ನಾನಕ್ಕೆ ಕಳಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಇದಕ್ಕೆ ಶಿಕ್ಷಕರಿಗೆ ವಿಷಯ ಗೊತ್ತಿರಬೇಕಲ್ಲ? ದೇವನೂರಿನಂಥ ನಮ್ಮ ಹಳ್ಳಿಗಳ ತಾಯಂದಿರು ಶಾಲೆಗೆ ಬಂದು ಇದನ್ನು ಹೇಳಲು ಹಿಂಜರಿಯುತ್ತಾರೆ. ಪ್ರವಾಸದ ಒಪ್ಪಿಗೆ ಪತ್ರದಲ್ಲಿ ಸಹಿಯ ಮೇಲೆ ಒಂದು ಸಾಲು ಸೇರಿಸಿದರೆ ಸಾಕು: 'ಮಗುವಿನ ಆರೋಗ್ಯದ ಬಗ್ಗೆ ನಾವು ಗುಟ್ಟಾಗಿ ತಿಳಿದಿರಬೇಕಾದದ್ದು ಏನಾದರೂ ಇದೆಯೇ?' ಒಂದು ಸಾಲಿನ ಅಚ್ಚಿಗೆ ಖರ್ಚೇನೂ ಆಗದು. ಅದರಿಂದ ಒಂದು ಮಗು ಹಂಪಿ ನೋಡಬಹುದು.