ಮೊಂಡು ತಿರುಪಿಗೆ ಮದ್ದು

ಭಾನುವಾರದ ಬೆಳಗು. ಹಳೆಯ ಅಂಬಾಸಿಡರ್ ಕಾರಿನ ಒಡೆಯರು ತೋಳು ಮಡಿಚಿ ಎಂಜಿನ್ನಿನ ಎಣ್ಣೆ ಬದಲಾಯಿಸಲು ಸಿದ್ಧರಾಗಿದ್ದಾರೆ. ಅರ್ಧ ಗಂಟೆಯ ಕೆಲಸ. ತಿಂಡಿಯ ಹೊತ್ತಿಗೆ ಮುಗಿಯಬೇಕು. ಆದರೆ ಅಡಿಯಲ್ಲಿರುವ ಡ್ರೈನ್ ಪ್ಲಗ್ ಜಪ್ಪಯ್ಯ ಎಂದರೂ ಅಲುಗದು. ಸ್ಪ್ಯಾನರ್ ಜಾರುತ್ತದೆ, ಬೆರಳಿನ ಗೆಣ್ಣು ತರಚುತ್ತದೆ. ಊಟದ ಹೊತ್ತಿಗೆ ಪ್ಲಗ್ಗಿನ ಆರು ಮೂಲೆಗಳೂ ಸವೆದು ಗುಂಡಾಗಿರುತ್ತವೆ. ಹಳೆಯ ಕಾರನ್ನು ಸಾಕಿದವರಲ್ಲಿ ಈ ಸಂಕಟವನ್ನು ಅರಿಯದವರು ವಿರಳ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ, ಕೋಲ್ಕತ್ತದ ಸಮೀಪದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಹೊಸದು ಹುಟ್ಟದ ವಾಹನದಲ್ಲಿ ಇರುವುದನ್ನು ಕೆಡಿಸದಿರುವುದೇ ಮೊದಲ ಜಾಣತನ. ಪ್ಲಗ್ಗಿನ ಬೆಲೆ ಅಲ್ಪ. ಅದನ್ನು ಹಿಡಿದಿರುವ ಎಣ್ಣೆಯ ತೊಟ್ಟಿ, ಅಂದರೆ ಸಂಪು, ಬಿರಿದರೆ ಅಥವಾ ಅದರ ತಿರುಪಿನ ಸುತ್ತುಗಳು ಕಿತ್ತುಹೋದರೆ ಆಗುವ ನಷ್ಟ ದೊಡ್ಡದು.

ಹಟಕ್ಕೆ ಕಾರಣವೇನು?

ಒಳಗಿನ ಸುತ್ತುಗಳು ಸದಾ ಎಣ್ಣೆಯಲ್ಲಿ ನೆನೆದಿರುವುದರಿಂದ ಅಲ್ಲಿ ತುಕ್ಕು ಹಿಡಿಯುವುದು ಅಪರೂಪ. ತೊಡಕಿರುವುದು ಪ್ಲಗ್ಗಿನ ತಲೆಯ ಕೆಳಗೆ. ಅಲ್ಲಿನ ತಾಮ್ರದ ವಾಷರ್ ಒಮ್ಮೆ ಅಪ್ಪಚ್ಚಿಯಾದ ಮೇಲೆ ಮೊದಲಿನಷ್ಟು ಮೆದುವಾಗಿ ಉಳಿಯದು. ಅದನ್ನೇ ಮತ್ತೆ ಹಾಕಿದಾಗ ಎಣ್ಣೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಬಾರದೆಂದು ಮೇಸ್ತ್ರಿ ಇನ್ನಷ್ಟು ಬಿಗಿಯುತ್ತಾನೆ. ಹೀಗೆ ವರ್ಷವರ್ಷವೂ ಬಿಗಿತ ಏರುತ್ತದೆ. ಹೊರಗಿನಿಂದ ಮಳೆಯ ನೀರು, ಕೆಸರು ಸೇರಿ ಅಂಚನ್ನು ಕಚ್ಚಿಸಿಬಿಡುತ್ತವೆ.

ಶಕ್ತಿಗಿಂತ ಯುಕ್ತಿ ಮೇಲು

ಮೊದಲು ಪ್ರಾಣರಕ್ಷಣೆ. ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ತೂರಬಾರದು. ಗಟ್ಟಿಯಾದ ನೆಲ, ಭದ್ರವಾದ ಉಕ್ಕಿನ ಸ್ಟ್ಯಾಂಡುಗಳು, ಚಕ್ರಗಳಿಗೆ ಅಡ್ಡ ಮರದ ತುಂಡುಗಳು, ಎಳೆದಿಟ್ಟ ಹ್ಯಾಂಡ್‌ಬ್ರೇಕು, ಇಷ್ಟೂ ಇರಲೇಬೇಕು. ಮೊಂಡು ಪ್ಲಗ್ಗನ್ನು ಎಳೆಯುವವರು ಕಾರನ್ನೂ ಎಳೆಯುತ್ತಿರುತ್ತಾರೆ ಎಂಬುದು ನೆನಪಿರಲಿ.

ಮುಂದೆ ದಿಕ್ಕು. ಪ್ಲಗ್ಗಿನ ತಲೆಯನ್ನು ನೇರವಾಗಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಮೇಲಿನಿಂದ ಬಗ್ಗಿ ಕೈಯಾಡಿಸುವವರಿಗೆ ಈ ದಿಕ್ಕು ತಲೆಕೆಳಗಾಗಿ ತೋರುತ್ತದೆ. ಬಿಚ್ಚುತ್ತಿದ್ದೇವೆಂದು ಭ್ರಮಿಸಿ ಬಿಗಿದವರ ಕಥೆಗಳಿಗೆ ಕೊನೆಯಿಲ್ಲ.

ಎಂಜಿನ್ನನ್ನು ಕೊಂಚ ಹೊತ್ತು ಓಡಿಸಿ ಬೆಚ್ಚಗಾಗಿಸಿದರೆ ಎಣ್ಣೆ ತೆಳುವಾಗಿ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ಆದರೆ ಕೈ ಸುಡುವಷ್ಟು ಬಿಸಿ ಬೇಡ. ಹಿಂದಿನ ರಾತ್ರಿಯೇ ತಲೆಯ ಸುತ್ತಲಿನ ಕೊಳೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಅಂಚಿಗೆ ಹಚ್ಚಿಡುವುದು ಒಳ್ಳೆಯದು. ಎರಡೇ ಮುಖಗಳನ್ನು ಹಿಡಿಯುವ ಬಾಯ್ದೆರೆದ ಸ್ಪ್ಯಾನರಿಗಿಂತ, ಆರೂ ಮುಖಗಳನ್ನು ತಬ್ಬುವ ಸಾಕೆಟ್ ಲೇಸು. ಅಳತೆ ತಪ್ಪಬಾರದು. ಪ್ಲಗ್ಗಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ಒಂದೆರಡು ಹದವಾದ ಏಟು ಕೊಟ್ಟರೆ ಕಚ್ಚು ಸಡಿಲಾಗುವುದುಂಟು. ಬಳಿಕ ಉದ್ದನೆಯ ಹಿಡಿಯಿಂದ ಒಂದೇ ಸಮನೆ, ಜರ್ಕು ಕೊಡದೆ ಎಳೆಯಬೇಕು. ಅಲುಗದಿದ್ದರೆ ಕೂದಲೆಳೆಯಷ್ಟು ಬಿಗಿದು ಮತ್ತೆ ಬಿಚ್ಚುವ ಯತ್ನ ಮಾಡಬಹುದು. ಸಂಪಿನ ಅಡಿಗೆ ಬೆಂಕಿ ಹಿಡಿಯುವ ಸಾಹಸ ಮಾತ್ರ ಸಲ್ಲದು. ಎಣ್ಣೆ, ಪೆಟ್ರೋಲುಗಳ ನೆರೆಯಲ್ಲಿ ಜ್ವಾಲೆ ಎಂದರೆ ಅನಾಹುತಕ್ಕೆ ಆಹ್ವಾನ.

ಮೂಲೆಗಳು ಸವೆದಿದ್ದರೆ?

ಆಗಲೂ ಎದೆಗುಂದಬೇಕಿಲ್ಲ. ಕೊಂಚ ಚಿಕ್ಕ ಅಳತೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹಲವು ವೇಳೆ ಹಿಡಿತ ಸಿಗುತ್ತದೆ. ನಲ್ಲಿಯ ಕೆಲಸಗಾರರು ಬಳಸುವ ಪೈಪ್ ರೆಂಚ್ ಗುಂಡುತಲೆಯನ್ನೂ ಕಚ್ಚಬಲ್ಲದು. ತಲೆಯ ಅಂಚಿನಲ್ಲಿ ಉಳಿಯಿಂದ ಗೀರು ಮಾಡಿ, ಉಳಿಯನ್ನು ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ಬಡಿಯುವುದು ಹಳೆಯ ಮೇಸ್ತ್ರಿಗಳ ಉಪಾಯ. ಇದಕ್ಕೂ ಬಗ್ಗದಿದ್ದರೆ ಅಳತೆಗೋಲಿನ ರಂಧ್ರದ ಮೂಲಕ ಕೊಳವೆ ಇಳಿಸಿ ಎಣ್ಣೆಯನ್ನು ಹೀರಿ ತೆಗೆಯಬಹುದು. ಕಾರು ಅಂದಿನ ಮಟ್ಟಿಗೆ ಓಡುತ್ತದೆ. ಬಳಿಕ ಸಂಪನ್ನೇ ಕಳಚಿ, ಪ್ಲಗ್ಗಿಗೆ ನಟ್ಟು ಬೆಸೆಯಿಸಿ ಬಿಡಿಸುವುದು ನುರಿತ ವೆಲ್ಡಿಂಗ್‌ನವನ ಕೆಲಸ. ಬೆಸುಗೆಯ ಕಾವೇ ಅರ್ಧ ಹಟವನ್ನು ಮುರಿಯುತ್ತದೆ.

ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲಿನ ವಿಷಯದಲ್ಲಿ ಒಂದು ಸುವರ್ಣ ಸೂತ್ರ: ಎಣ್ಣೆ ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ, ಇಳಿಸುವ ಪ್ಲಗ್ಗನ್ನು ಆಮೇಲೆ ಮುಟ್ಟಿರಿ. ಇಳಿಸಿದ ಮೇಲೆ ತುಂಬುವ ಬಾಯಿ ತೆರೆಯದಿದ್ದರೆ ಕಾರು ಮನೆಯಂಗಳದಲ್ಲೇ ಬಂದಿಯಾಗುತ್ತದೆ.

ಕೊನೆಗೆ, ಹೊಸ ಪ್ಲಗ್ಗು, ಹೊಸ ವಾಷರು. ಹೊಸ ವಾಷರ್ ಸಿಗದಿದ್ದರೆ ಹಳೆಯ ತಾಮ್ರದ ಬಿಲ್ಲೆಯನ್ನು ಕೆಂಪಗೆ ಕಾಯಿಸಿ ಆರಿಸಿದರೆ ಅದು ಮತ್ತೆ ಮೆದುವಾಗುತ್ತದೆ. ಸುತ್ತುಗಳನ್ನು ಒರೆಸಿ, ಮೊದಲು ಬೆರಳಿನಿಂದಲೇ ತಿರುಗಿಸಿ, ಬಳಿಕ ಗಿಡ್ಡ ಸ್ಪ್ಯಾನರಿನಿಂದ ಹದವಾಗಿ ಬಿಗಿದರೆ ಸಾಕು. ಎಂಜಿನ್ ಓಡಿಸಿ ಒಂದು ಹನಿಯೂ ಜಿನುಗದೆಂದು ನೋಡಿಕೊಳ್ಳಬೇಕು. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗರಾಜಿಗೆ ತಲುಪಿಸುವುದು, ಚರ್ಮಕ್ಕೆ ಹಾನಿಕರವಾದ ಆ ಎಣ್ಣೆಯನ್ನು ಸೋಪಿನಿಂದ ತೊಳೆದುಕೊಳ್ಳುವುದು ಗೃಹಸ್ಥಧರ್ಮ.

ಇಂದು ಬಿಗಿಯುವ ಕೈಯೇ ಮುಂದಿನ ವರ್ಷ ಬಿಚ್ಚುವ ಕೈ. ಆ ಅರಿವಿದ್ದರೆ ಮುಂದಿನ ಭಾನುವಾರದ ತಿಂಡಿ ಆರಿಹೋಗುವುದಿಲ್ಲ.